ಹಿಂಗಾಲು ಊರದ ನಾಯಿ: ಮೊಣಕಾಲಿನ ಲಿಗಮೆಂಟ್ ಹರಿದಾಗ ಯಾವ ಚಿಕಿತ್ಸೆ, ಯಾವಾಗ

ಓಡಾಡಿ ಬಂದ ನಾಯಿ ಒಮ್ಮೆಲೇ ಹಿಂಗಾಲು ಎತ್ತಿ ಮೂರು ಕಾಲಿನ ಮೇಲೆ ನಿಂತರೆ ಬಾಗಲಕೋಟೆ, ಮುಧೋಳದ ಕಡೆ ಎಲ್ಲರೂ ಮೊದಲು ಪಾದ ನೋಡುತ್ತಾರೆ. ಅದು ಸರಿಯಾದ ಕ್ರಮವೇ. ಜಾಲಿಮುಳ್ಳು, ಕಬ್ಬು ಕಡಿದ ಹೊಲದ ಕೂಳೆ, ಸೀಳಿದ ಉಗುರು, ಬೆರಳಸಂದಿಯಲ್ಲಿ ಸೇರಿಕೊಂಡ ಉಣ್ಣಿ, ಇವುಗಳಲ್ಲಿ ಯಾವುದರಿಂದಲಾದರೂ ನಾಯಿ ಕುಂಟಬಹುದು. ಪಾದದಲ್ಲಿ ಏನೂ ಸಿಗದೆ ಕುಂಟು ವಾರ ದಾಟಿತೆಂದರೆ ಕೈ ಮೇಲಕ್ಕೆ, ಮೊಣಕಾಲಿಗೆ ಹೋಗಬೇಕು. ಹಿಂದಕ್ಕೆ ಬಾಗಿದ ಕೆಳಗಿನ ಕೀಲನ್ನೇ ಮೊಣಕಾಲು ಎಂದುಕೊಳ್ಳುವವರು ಬಹಳ. ಅದು ಹಿಮ್ಮಡಿಯ ಕೀಲು. ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಕೆಳಭಾಗದ ಹತ್ತಿರ ಇರುತ್ತದೆ.

ದೊಡ್ಡ ನಾಯಿಗಳ ಹಿಂಗಾಲಿನ ಕುಂಟಿಗೆ ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು ಮೊಣಕಾಲಿನೊಳಗಿನ ಕ್ರೇನಿಯಲ್ ಕ್ರೂಸಿಯೇಟ್ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ನಾರಿನ ಪಟ್ಟಿ, ಹರಿಯುವುದು. ಮನುಷ್ಯರಲ್ಲಿ ಎಸಿಎಲ್ ಅನ್ನುತ್ತಾರಲ್ಲ, ಅದೇ ಜಾಗದ್ದು. ಆದರೆ ಹರಿಯುವ ರೀತಿ ಬೇರೆ. ಕಬಡ್ಡಿ ಆಡುವ ಹುಡುಗನ ಎಸಿಎಲ್ ಒಂದೇ ಏಟಿಗೆ ಹರಿಯುತ್ತದೆ. ನಾಯಿಯಲ್ಲಿ ಬಹುಪಾಲು ಎಳೆ ಎಳೆಯಾಗಿ ತಿಂಗಳುಗಟ್ಟಲೆ ಸವೆದು, ಕೊನೆಗೆ ಯಾವುದೋ ಸಣ್ಣ ಜಿಗಿತಕ್ಕೆ ತುಂಡಾಗುತ್ತದೆ. ಅದಕ್ಕೇ ಎಷ್ಟೋ ಮಂದಿ "ಏನೂ ಬಿದ್ದಿಲ್ರೀ, ಸುಮ್ನ ಎದ್ದು ಬಂತು, ಕುಂಟಾಕತ್ತಿತು" ಅನ್ನುತ್ತಾರೆ. ಅವರು ಹೇಳುವುದು ನಿಜ. ಅದಕ್ಕೇ ಒಂದು ಕಾಲು ಹರಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲೂ ಹರಿಯುತ್ತದೆ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿ 15 ಕೆ.ಜಿ.ಗಿಂತ ಭಾರವಿದ್ದರೆ "ಒಂದು ಇಂಜೆಕ್ಷನ್ ಮಾಡಿಸಿ ನೋಡೋಣ" ಎಂದು ತಿಂಗಳುಗಟ್ಟಲೆ ದಿನ ತಳ್ಳಬಾರದು. ಹರಿದ ಲಿಗಮೆಂಟ್ ತಾನಾಗಿ ಕೂಡಿಕೊಳ್ಳುವುದಿಲ್ಲ. ಕಾಯುವಷ್ಟು ದಿನವೂ ಕೀಲಿನ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಜಜ್ಜುತ್ತದೆ, ಸಂಧಿವಾತ ಬಲಿಯುತ್ತದೆ, ತೊಡೆಯ ಸ್ನಾಯು ಕರಗುತ್ತದೆ. ಈ ಮೂರರಲ್ಲಿ ಸ್ನಾಯು ಮಾತ್ರ ಬಹುಪಾಲು ಮರಳಿ ಬರುತ್ತದೆ.

ಮನೆಯಲ್ಲೇ ನೋಡಬಹುದಾದ ಗುರುತುಗಳಿವೆ. ನಾಯಿ ಕುಳಿತಾಗ ಎರಡೂ ಹಿಂಗಾಲು ಮಡಚಿ ನೇರ ಕೂರದೆ ಒಂದು ಕಾಲನ್ನು ಪಕ್ಕಕ್ಕೆ ಚಾಚಿದರೆ ಮೊಣಕಾಲು ಮಡಚಲು ನೋವಿದೆ ಎಂದೇ ಅರ್ಥ. ನಿಂತಾಗ ಬರಿ ಬೆರಳ ತುದಿ ಊರುತ್ತದೆ. ಮಲಗಿ ಎದ್ದ ಕೂಡಲೇ ಕುಂಟು ಹೆಚ್ಚು, ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಕಡಿಮೆ. ಎರಡೂ ಮೊಣಕಾಲಿನ ಒಳಬದಿಯನ್ನು ಒಟ್ಟಿಗೆ ಮುಟ್ಟಿ ನೋಡಿ. ಹಳೆಯ ಗಾಯವಾಗಿದ್ದರೆ ಒಂದು ಬದಿಗೆ ಗಟ್ಟಿ ದಪ್ಪ ಕೈಗೆ ಹತ್ತುತ್ತದೆ. ದರ್ಜಿಯ ಟೇಪಿನಿಂದ ಎರಡೂ ತೊಡೆ ಒಂದೇ ಮಟ್ಟದಲ್ಲಿ ಅಳೆದರೆ ಕುಂಟುವ ಕಡೆಯ ತೊಡೆ ಸಣ್ಣದಾಗಿರುತ್ತದೆ. ಆ ಅಳತೆಯನ್ನು ಬರೆದಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ದನದ ದವಾಖಾನೆಗೆ ಹೋಗುವ ಮುನ್ನ ಸಪಾಟು ರಸ್ತೆಯಲ್ಲಿ ನಾಯಿಯನ್ನು ನಡೆಸಿ ಪಕ್ಕದಿಂದ, ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಳ್ಳಿ. ಹೊಸ ಜಾಗ, ಹೊಸ ವಾಸನೆ, ಭಯ ಸೇರಿ ಎಷ್ಟೋ ನಾಯಿಗಳು ಡಾಕ್ಟರ ಮುಂದೆ ಕುಂಟುವುದೇ ಇಲ್ಲ.

ಡಾಕ್ಟರು ಮಾಡುವ ಮುಖ್ಯ ಪರೀಕ್ಷೆ ಡ್ರಾಯರ್ ಟೆಸ್ಟ್. ಒಂದು ಕೈಯಲ್ಲಿ ತೊಡೆಮೂಳೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಟಿಬಿಯಾ ಮೂಳೆಯನ್ನು ಮುಂದಕ್ಕೆ ತಳ್ಳಿ ನೋಡುತ್ತಾರೆ. ಲಿಗಮೆಂಟ್ ಇಲ್ಲದಿದ್ದರೆ ಮೂಳೆ ಮುಂದೆ ಜಾರುತ್ತದೆ. ಕಾಲು ಬಿಗಿಹಿಡಿದ ನಾಯಿಯಲ್ಲಿ ಈ ಜಾರು ತಿಳಿಯದು, ಆದ್ದರಿಂದ ಮಂಪರು ಕೊಟ್ಟೇ ಮಾಡಿಸಬೇಕು. ಅರೆ ಹರಿದಿದ್ದರೆ ಮೊಣಕಾಲು ನೆಟ್ಟಗಿಟ್ಟಾಗ ಜಾರುವುದಿಲ್ಲ, ಮಡಚಿದಾಗ ಮಾತ್ರ ಜಾರುತ್ತದೆ. ಎರಡೂ ಭಂಗಿಯಲ್ಲಿ ನೋಡದೆ "ಏನೂ ಇಲ್ಲ" ಅನ್ನುವಂತಿಲ್ಲ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಕಾಣುವುದು ಕೀಲಿನಲ್ಲಿ ತುಂಬಿದ ನೀರು, ಅದರಿಂದ ಮುಂದೆ ತಳ್ಳಿದ ಕೊಬ್ಬಿನ ನೆರಳು, ಮೂಳೆಯಂಚಿನ ಹೊಸ ಮುಳ್ಳುಗಳು. "ಎಕ್ಸ್‌ರೇ ನಾರ್ಮಲ್ ಐತಿ, ಮೂಳೆ ಮುರದಿಲ್ಲ" ಎಂದು ಮನೆಗೆ ಬಂದವರು ಇಲ್ಲೇ ಎಡವುತ್ತಾರೆ.

ಇದೇ ಹೊತ್ತಿನಲ್ಲಿ ಬೇರೆ ಕಾಯಿಲೆಗಳನ್ನೂ ತಳ್ಳಿಹಾಕಿಕೊಳ್ಳಬೇಕು. ಪೊಮೇರಿಯನ್‌ನಂಥ ಪುಟ್ಟ ನಾಯಿಯಲ್ಲಿ ಮೊಣಕಾಲ ಚಿಪ್ಪು ಜಾರುವುದು ಸಾಮಾನ್ಯ, ಕೆಲವೊಮ್ಮೆ ಚಿಪ್ಪು ಜಾರುವುದು, ಲಿಗಮೆಂಟ್ ಹರಿಯುವುದು ಎರಡೂ ಒಟ್ಟಿಗೆ ಇರುತ್ತವೆ. ಉಣ್ಣಿಯಿಂದ ಬರುವ ಎರ್ಲಿಕಿಯಾ ಸೋಂಕು ನಮ್ಮ ಭಾಗದಲ್ಲಿ ಧಾರಾಳ. ಅದರಿಂದ ಹಲವು ಕೀಲು ಬಾತು, ಇವತ್ತು ಈ ಕಾಲು ನಾಳೆ ಆ ಕಾಲು ಎಂದು ಕುಂಟು ಬದಲಾಗುತ್ತದೆ. ವಯಸ್ಸಾದ ದೊಡ್ಡ ನಾಯಿಯಲ್ಲಿ ಮೂಳೆ ಕ್ಯಾನ್ಸರ್ ಇಲ್ಲವೆಂದು ಎಕ್ಸ್‌ರೇ ಹೇಳಬೇಕು. ಇನ್ನೊಂದು ಮೋಸವಿದೆ. ಎರಡೂ ಮೊಣಕಾಲು ಹರಿದ ನಾಯಿ ಏಳಲಾರದೆ ಬಿದ್ದುಕೊಂಡಾಗ ಲಕ್ವಾ ಹೊಡೆದಿದೆ ಎಂದು ಕೈಬಿಡುತ್ತಾರೆ. ಅಂಥ ನಾಯಿಯನ್ನು ಎತ್ತಿ ಹಿಡಿದು ಪಾದವನ್ನು ಮಡಚಿ, ಪಾದದ ಮೇಲ್ಭಾಗ ಕೆಳಗಾಗಿ ನೆಲಕ್ಕೆ ಇಡಿ. ನರ ಸರಿಯಿದ್ದರೆ ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಹಾಗಾದರೆ ತೊಂದರೆ ಬೆನ್ನುಹುರಿಯದಲ್ಲ, ಕೀಲಿನದು ಇರಬಹುದು.

ಈಗ ಚಿಕಿತ್ಸೆ. ಮೊದಲು ಆಪರೇಷನ್ ಇಲ್ಲದ ದಾರಿ.

1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಪರೇಷನ್ ಮಾಡದೆ ಬಿಟ್ಟ ನಾಯಿಗಳಲ್ಲಿ, 15 ಕೆ.ಜಿ.ಗಿಂತ ಹಗುರದವುಗಳ ಪೈಕಿ ಸುಮಾರು ಶೇ. 85 ಸುಧಾರಿಸಿದವು, ಅದಕ್ಕಿಂತ ಭಾರದವುಗಳಲ್ಲಿ ಸುಮಾರು ಶೇ. 20 ಮಾತ್ರ. ಇಂದಿಗೂ ಎಲ್ಲರೂ ಹೇಳುವ 15 ಕೆ.ಜಿ. ಗೆರೆ ಅಲ್ಲಿಂದಲೇ ಬಂದದ್ದು. ಆದರೆ ಸುಮ್ಮನೆ ಬಿಡುವುದು ಬೇರೆ, ಶಿಸ್ತಿನಿಂದ ನೋಡಿಕೊಳ್ಳುವುದು ಬೇರೆ. 2013ರಲ್ಲಿ ತೂಕ ಹೆಚ್ಚಿದ ದೊಡ್ಡ ನಾಯಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಎಲ್ಲ ನಾಯಿಗಳ ತೂಕ ಇಳಿಸಿ, ವ್ಯಾಯಾಮ ಮಾಡಿಸಿ, ಅರ್ಧದಷ್ಟಕ್ಕೆ ಮಾತ್ರ ಆಪರೇಷನ್ ಮಾಡಿದರು. ವರ್ಷದ ಕೊನೆಗೆ ಆಪರೇಷನ್ ಆದವುಗಳಲ್ಲಿ ಮುಕ್ಕಾಲು ಪಾಲು ಚೆನ್ನಾಗಿದ್ದವು, ಆಗದವುಗಳಲ್ಲೂ ಶೇ. 60ಕ್ಕಿಂತ ಹೆಚ್ಚು. ಹಣ ಹೊಂದದವರು, ಹೃದಯ ಅಥವಾ ಕಿಡ್ನಿ ಕಾಯಿಲೆಯ ಮುದಿ ನಾಯಿ ಇರುವವರು ಇದನ್ನು ನೆನಪಿಡಿ. ದಾರಿ ಮುಚ್ಚಿಲ್ಲ, ಆದರೆ ತೂಕ ಇಳಿಸುವುದು, ವ್ಯಾಯಾಮ ಎರಡನ್ನೂ ಬಿಡುವಂತಿಲ್ಲ.

ತೂಕದ ಲೆಕ್ಕ ರೊಟ್ಟಿಯಲ್ಲಿ ಹೇಳುತ್ತೇನೆ. 40 ಕೆ.ಜಿ. ಆಗಿರುವ ಲ್ಯಾಬ್ರಡಾರ್ 30 ಕೆ.ಜಿ. ಇರಬೇಕೆಂದಿದ್ದರೆ, ಆ 30 ಕೆ.ಜಿ. ದೇಹ ಮಲಗಿದ್ದಾಗ ಉರಿಸುವ ಶಕ್ತಿ ದಿನಕ್ಕೆ ಸುಮಾರು 900 ಕ್ಯಾಲರಿ. ಇಳಿಸುವಾಗ ಕೊಡಬೇಕಾದದ್ದೂ ಅಷ್ಟೇ. 60 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಒಂದಕ್ಕೆ ಸುಮಾರು 200 ಕ್ಯಾಲರಿ, ಎಮ್ಮೆ ಹಾಲು 200 ಮಿ.ಲೀ.ಗೆ ಹೆಚ್ಚುಕಡಿಮೆ 200, ಒಂದು ಮೊಟ್ಟೆಗೆ 70. ಬೆಳಗ್ಗೆ ಎರಡು, ಸಂಜೆ ಮೂರು ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಹಾಕುವ ಮನೆಯಲ್ಲಿ ನಾಯಿ ಯಾಕೆ ತೆಳ್ಳಗಾಗುವುದಿಲ್ಲ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಎರಡು ರೊಟ್ಟಿ, ಎರಡು ಬೇಯಿಸಿದ ಮೊಟ್ಟೆ, ಚರ್ಮ ತೆಗೆದು ಬೇಯಿಸಿದ 150 ಗ್ರಾಂ ಕೋಳಿ ಮಾಂಸ, ಹಿಡಿಯಷ್ಟು ಕುಂಬಳ ಅಥವಾ ಬೀನ್ಸ್. ಅಲ್ಲಿಗೆ ಲೆಕ್ಕ ಮುಗಿಯಿತು. ಹಾಲು ಬೇಡ. ವಾರಕ್ಕೆ ದೇಹತೂಕದ ಶೇ. 1ರಿಂದ 2 ಇಳಿದರೆ ಸಾಕು. ತಿಂಗಳುಗಟ್ಟಲೆ ಮನೆಯೂಟವೇ ಆದರೆ ಕ್ಯಾಲ್ಸಿಯಂ ಎಷ್ಟು ಸೇರಿಸಬೇಕೆಂದು ಡಾಕ್ಟರನ್ನು ಕೇಳಿ. ನಡುವೆ ಬಾಯಾಡಿಸಲು ಸೌತೆಕಾಯಿ, ಗಜ್ಜರಿ ಕೊಡಿ. ವಿಜಯಪುರದ ಕಡೆ ಮನೆಮನೆಯಲ್ಲೂ ದ್ರಾಕ್ಷಿ, ಒಣದ್ರಾಕ್ಷಿ ಇರುತ್ತದೆ. ನಾಯಿಗೆ ಒಂದನ್ನೂ ಹಾಕಬೇಡಿ, ಕಿಡ್ನಿ ಕೆಡುತ್ತದೆ.

ನೋವಿಗೆ ನಾಯಿಗೆಂದೇ ಇರುವ ಔಷಧ ಕಾರ್ಪ್ರೊಫೆನ್, ದಿನಕ್ಕೆ ಕೆ.ಜಿ.ಗೆ 4.4 ಮಿ.ಗ್ರಾಂ., ಅಥವಾ ಮೆಲಾಕ್ಸಿಕ್ಯಾಮ್, ಮೊದಲ ದಿನ ಕೆ.ಜಿ.ಗೆ 0.2, ಆಮೇಲೆ 0.1 ಮಿ.ಗ್ರಾಂ. ಎರಡರಲ್ಲಿ ಒಂದೇ. ಊಟದ ಜೊತೆ, ಕಿಡ್ನಿ ಲಿವರ್ ರಕ್ತಪರೀಕ್ಷೆ ನೋಡಿ, ಡಾಕ್ಟರು ಬರೆದುಕೊಟ್ಟರೆ ಮಾತ್ರ. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ಅಂದೇ ನಿಲ್ಲಿಸಿ. ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ. ರಣಹದ್ದುಗಳ ಸಾವಿನ ಕಾರಣಕ್ಕೆ ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಒತ್ತಿ ಹೇಳಬೇಕು. ಮಾಡಿಸಿದ ಮರುದಿನವೇ ನಾಯಿ ಓಡುತ್ತದೆ, ಮನೆಯವರಿಗೆ ಸಮಾಧಾನ. ಆದರೆ ಕೀಲು ಸಡಿಲವಾಗಿಯೇ ಇದೆ, ನೋವು ಮಾತ್ರ ಮುಚ್ಚಿದೆ. ಆ ಓಟದಲ್ಲೇ ಮೆನಿಸ್ಕಸ್ ಸೀಳುವುದು. ಮೇಲಾಗಿ ಸ್ಟೀರಾಯ್ಡ್ ಜೊತೆಗೆ ಮೇಲಿನ ನೋವಿನ ಮಾತ್ರೆ ಬಿದ್ದರೆ ಹೊಟ್ಟೆಹುಣ್ಣಿನ ಅಪಾಯ ಬಹಳ ಹೆಚ್ಚು. ಹಾಗೆಯೇ ಎತ್ತಿಗೆ ಹಾಕಿದಂತೆ ಬರೆ ಹಾಕುವುದು, ಎಲುಬು ಕಟ್ಟುವವರ ಹತ್ತಿರ ಬಿದಿರಿನ ದಬ್ಬೆ ಕಟ್ಟಿಸುವುದು ಬೇಡವೇ ಬೇಡ. ಮುರಿದ ಮೂಳೆಗೂ ಮೊಣಕಾಲ ಲಿಗಮೆಂಟಿಗೂ ಸಂಬಂಧವಿಲ್ಲ; ಕಟ್ಟಿನಿಂದ ಕೀಲು ಬಿಗಿಯುತ್ತದೆ, ಚರ್ಮ ಕೊಳೆಯುತ್ತದೆ. ಪೇಟೆಯಲ್ಲಿ ಸಿಗುವ ಬೆಲ್ಟಿನಂಥ ಬ್ರೇಸ್ ಆಪರೇಷನ್‌ಗೆ ಬದಲಿಯಲ್ಲ, ಅದರ ಪರ ಗಟ್ಟಿ ಪುರಾವೆ ಇಲ್ಲ.

ಆಪರೇಷನ್‌ಗಳನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ತಿಳಿದಿರಬೇಕು. ನಾಯಿಯ ಟಿಬಿಯಾ ಮೂಳೆಯ ತಲೆ ಸಪಾಟಾಗಿಲ್ಲ, ಹಿಂದಕ್ಕೆ ಸುಮಾರು 25 ಡಿಗ್ರಿ ಇಳಿಜಾರಿದೆ. ನಾಯಿ ಕಾಲೂರಿದಾಗಲೆಲ್ಲ ತೊಡೆಮೂಳೆ ಆ ಇಳಿಜಾರಿನಲ್ಲಿ ಹಿಂದೆ ಜಾರಬೇಕು. ದಿಬ್ಬದ ಮೇಲೆ ನಿಲ್ಲಿಸಿದ ಚಕ್ಕಡಿಯನ್ನು ಹಗ್ಗ ಹಿಡಿದಿಟ್ಟಂತೆ ಲಿಗಮೆಂಟ್ ಅದನ್ನು ತಡೆದಿರುತ್ತದೆ. ಹಗ್ಗ ಹರಿದ ಮೇಲೆ ಎರಡು ಉಪಾಯ: ಹೊಸ ಹಗ್ಗ ಕಟ್ಟುವುದು, ಇಲ್ಲವೇ ದಿಬ್ಬವನ್ನೇ ಸಮ ಮಾಡುವುದು.

ಹೊಸ ಹಗ್ಗ ಅಂದರೆ ಲ್ಯಾಟರಲ್ ಸೂಚರ್. ಮೊಣಕಾಲಿನ ಹಿಂದಿರುವ ಫಾಬೆಲ್ಲಾ ಎಂಬ ಪುಟ್ಟ ಮೂಳೆಯ ಸುತ್ತ ದಪ್ಪ ನೈಲಾನ್ ಎಳೆ ಸುತ್ತಿ, ಟಿಬಿಯಾದ ಮುಂದಿನ ಉಬ್ಬಿನಲ್ಲಿ ಕೊರೆದ ತೂತಿನಿಂದ ಹಾಯಿಸಿ, ಲೋಹದ ಕ್ಲಿಪ್ ಒತ್ತಿ ಬಿಗಿಯುತ್ತಾರೆ. ಈ ನೈಲಾನ್ ಬಾಳಾ ದಿನ ಇರುವುದಿಲ್ಲ. ತಿಂಗಳುಗಳಲ್ಲಿ ಸಡಿಲಾಗುತ್ತದೆ, ಹರಿಯಲೂಬಹುದು. ಅಷ್ಟರಲ್ಲಿ ಕೀಲಿನ ಸುತ್ತ ಗಟ್ಟಿ ನಾರು ಬೆಳೆದು ಅದೇ ಕೀಲನ್ನು ಹಿಡಿಯಬೇಕು, ಅದಕ್ಕೆ 8ರಿಂದ 12 ವಾರ ಬೇಕು. ಮೂರನೇ ವಾರ ನಾಯಿ ಬೈಕಿನ ಹಿಂದೆ ಜಿಗಿಯಿತೆಂದರೆ ನಾರು ಬರುವ ಮೊದಲೇ ಎಳೆ ಸಡಿಲಾಗುತ್ತದೆ, ಆಪರೇಷನ್ ವ್ಯರ್ಥವಾಗುತ್ತದೆ. 15 ಕೆ.ಜಿ. ಒಳಗಿನ ನಾಯಿಗೆ, ಶಾಂತ ಸ್ವಭಾವದ ಮಧ್ಯಮ ನಾಯಿಗೆ ಇದು ಒಳ್ಳೆಯ ಆಪರೇಷನ್. ವಿಶೇಷ ಗರಗಸ, ಪ್ಲೇಟು ಬೇಡ, ಆದ್ದರಿಂದ ಖರ್ಚೂ ಕಡಿಮೆ. ನೈಲಾನ್ ಬದಲು ಹೆಣೆದ ದಾರ ಬಳಸಿದರೆ ಎಳೆಗಳ ನಡುವೆ ಸೋಂಕು ಕೂತು ವರ್ಷವಾದರೂ ಕೀವು ಒಸರುವುದುಂಟು. ಯಾವ ಎಳೆ ಹಾಕುತ್ತೀರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ದಿಬ್ಬ ಸಮ ಮಾಡುವುದು ಟಿಪಿಎಲ್‌ಒ. ಅಮೆರಿಕದ ಡಾ. ಬಾರ್ಕ್ಲೇ ಸ್ಲೋಕಮ್ ಇದನ್ನು ರೂಪಿಸಿ 1993ರಲ್ಲಿ ಪ್ರಕಟಿಸಿದರು. ಅರ್ಧಚಂದ್ರದ ಗರಗಸದಿಂದ ಟಿಬಿಯಾದ ತಲೆಯನ್ನು ಕೊಯ್ದು, ಇಳಿಜಾರು ಸುಮಾರು 5 ಡಿಗ್ರಿಗೆ ಬರುವಂತೆ ತಿರುಗಿಸಿ, ಪ್ಲೇಟು ಮತ್ತು ಲಾಕಿಂಗ್ ಸ್ಕ್ರೂ ಹಾಕಿ ಕೂರಿಸುತ್ತಾರೆ. ಕೊಯ್ದ ಮೂಳೆ ಕೂಡಲು 8ರಿಂದ 12 ವಾರ. ಭಾರದ, ಓಡುವ ನಾಯಿಗೆ ಇದಕ್ಕಿಂತ ಒಳ್ಳೆಯದು ಸದ್ಯ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇವೆರಡನ್ನೂ ಹೋಲಿಸಿದ 2013ರ ಅಧ್ಯಯನದಲ್ಲಿ ವರ್ಷದ ನಂತರ 10ಕ್ಕೆ 9 ಅಥವಾ ಹೆಚ್ಚು ಅಂಕ ಕೊಟ್ಟ ಮಾಲೀಕರು ಟಿಪಿಎಲ್‌ಒ ಕಡೆ ಶೇ. 93, ಲ್ಯಾಟರಲ್ ಸೂಚರ್ ಕಡೆ ಶೇ. 75. ಕೆಡುವುದು ಎಲ್ಲಿ? ಪ್ಲೇಟಿನ ಮೇಲೆ ಕೂರುವ ಸೋಂಕು, ಟಿಬಿಯಾದ ಮುಂದಿನ ಉಬ್ಬು ಸೀಳುವುದು, ಸ್ಕ್ರೂ ಕೀಲಿನೊಳಗೆ ಹೋಗುವುದು, ಸಡಿಲಾಗುವುದು. ಆದ್ದರಿಂದ ಇದನ್ನು ಆಗಾಗ ಮಾಡುವ ಕೈಯೇ ಮಾಡಬೇಕು.

ಟಿಟಿಎ ಎಂಬ ಮೂರನೆಯದು 2002ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಹುಟ್ಟಿತು. ಟಿಬಿಯಾದ ಮುಂದಿನ ಉಬ್ಬನ್ನು ಕೊಯ್ದು ಮುಂದಕ್ಕೆ ತಂದು ನಡುವೆ ಲೋಹದ ಕೇಜ್ ಇಡುತ್ತಾರೆ. ಇಳಿಜಾರು ತೀರಾ ಕಡಿದಾಗಿದ್ದರೆ ಇದು ಹೊಂದದು, ನಂತರ ಮೆನಿಸ್ಕಸ್ ಹರಿಯುವುದೂ ಇದರಲ್ಲಿ ಸ್ವಲ್ಪ ಹೆಚ್ಚು.

ಯಾವ ಆಪರೇಷನ್ ಆದರೂ ಒಂದು ಪ್ರಶ್ನೆ ಕೇಳಲೇಬೇಕು: "ಕೀಲು ತೆರೆದು ಮೆನಿಸ್ಕಸ್ ನೋಡ್ತೀರಾ?" ಲಿಗಮೆಂಟ್ ಪೂರ್ತಿ ಹರಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಒಳಬದಿಯ ಮೆನಿಸ್ಕಸ್ ಸೀಳಿರುತ್ತದೆ. ಸೀಳಿದ ತುಂಡನ್ನು ತೆಗೆಯದೆ ಮೇಲಿನ ಕೆಲಸ ಎಷ್ಟು ಚೆನ್ನಾಗಿ ಮಾಡಿದರೂ ನಾಯಿ ಕುಂಟುತ್ತಲೇ ಇರುತ್ತದೆ. ನಡೆಯುವಾಗ ಮೊಣಕಾಲಲ್ಲಿ "ಟಕ್" ಎಂಬ ಸದ್ದು ಕೇಳಿದ್ದರೆ ಡಾಕ್ಟರಿಗೆ ಹೇಳಿ, ಅದು ಮೆನಿಸ್ಕಸ್‌ದೇ ಇರಬಹುದು. ಉಳಿದ ಪ್ರಶ್ನೆಗಳು: ಇಳಿಜಾರಿನ ಕೋನ ಅಳೆದಿದ್ದೀರಾ, ಆಪರೇಷನ್ ಆದ ಕೂಡಲೇ ಎಕ್ಸ್‌ರೇ ತೆಗೆಯುತ್ತೀರಾ, ಎಂಟು ವಾರದ ಎಕ್ಸ್‌ರೇ ಬಿಲ್ಲಿನಲ್ಲಿ ಸೇರಿದೆಯೇ, ಸೋಂಕಾದರೆ ಮುಂದಿನ ಖರ್ಚು ಯಾರದು.

ಟಿಪಿಎಲ್‌ಒ ಮಾಡುವವರು ಬೆಂಗಳೂರು, ಪುಣೆ, ಮುಂಬೈಯಲ್ಲಿ ಸಿಗುತ್ತಾರೆ. ಬೆಳಗಾವಿಯವರಿಗೆ ಹೆದ್ದಾರಿಯಲ್ಲಿ ಪುಣೆ ಹತ್ತಿರ. ಗದಗ, ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಏನೇನು ಮಾಡುತ್ತಾರೆಂದು ಫೋನಿನಲ್ಲಿ ವಿಚಾರಿಸಿಯೇ ಹೊರಡಿ. ವಾಪಸ್ ಬರುವಾಗ ನಾಯಿ ಕಾರಿನ ಸೀಟಿನ ಮೇಲಲ್ಲ, ಹಿಂದಿನ ಕಾಲಿಡುವ ಜಾಗ ತುಂಬಿಸಿ ಸಪಾಟು ಮಾಡಿದ ಹಾಸಿನ ಮೇಲೆ ಮಲಗಬೇಕು. ಬ್ರೇಕ್ ಹಾಕಿದಾಗ ಕೆಳಗೆ ಉರುಳಬಾರದು.

ಮುಧೋಳ ನಾಯಿ ಸಾಕಿದವರಿಗೆ ಪ್ರತ್ಯೇಕ ಮಾತು. ತಿಮ್ಮಾಪುರದಲ್ಲಿ ಈ ತಳಿಗೆಂದೇ ಶ್ವಾನ ಸಂಶೋಧನಾ ಕೇಂದ್ರವಿದೆ, 2005ರ ಅಂಚೆಚೀಟಿಯಲ್ಲಿ ಈ ನಾಯಿಯ ಚಿತ್ರ ಬಂದಿದೆ. ಹೆಮ್ಮೆ ಪಡುವ ತಳಿ. ಇದು ಕಣ್ಣಿನಿಂದ ಬೇಟೆ ಹಿಡಿಯುವ ಹೌಂಡ್ ಗುಂಪಿಗೆ ಸೇರಿದ್ದು. ಅದೇ ಗುಂಪಿನ ಗ್ರೇಹೌಂಡ್‌ಗಳಲ್ಲಿ ಈ ಲಿಗಮೆಂಟ್ ಹರಿಯುವುದು ಅಪರೂಪ. ರಾಟ್‌ವೀಲರ್, ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚು. ಆದ್ದರಿಂದ ಮುಧೋಳ ನಾಯಿ ಕುಂಟಿದರೆ ತೊಡೆಯ ಸ್ನಾಯು, ಹಿಮ್ಮಡಿಯ ಸಣ್ಣ ಮೂಳೆ ಮೊದಲು ನೋಡಿಸಿ. ಆಪರೇಷನ್ ಬೇಕಾದರೆ ಅರಿವಳಿಕೆಯ ಬಗ್ಗೆ ಎಚ್ಚರ. ಈ ಗುಂಪಿನ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಲಿವರ್ ಥಯೋಪೆಂಟೋನ್ ಔಷಧವನ್ನು ನಿಧಾನ ಕರಗಿಸುತ್ತದೆ. ಬೇರೆ ನಾಯಿ ಬೇಗ ಏಳುವ ಪ್ರಮಾಣಕ್ಕೆ ಇದು ಗಂಟೆಗಟ್ಟಲೆ ಏಳದೆ ಮಲಗಬಹುದು. ಪ್ರೊಪೊಫಾಲ್ ಕೊಟ್ಟು ಐಸೊಫ್ಲುರೇನ್ ಗ್ಯಾಸಿನಲ್ಲಿ ಇಡುವುದು ಕ್ಷೇಮ. ಗ್ರೇಹೌಂಡ್‌ಗಳಲ್ಲಿ ಆಪರೇಷನ್ ಆಗಿ ಒಂದೆರಡು ದಿನದ ಮೇಲೆ ರಕ್ತ ಒಸರುವ ತೊಂದರೆಯೂ ದಾಖಲಾಗಿದೆ, ಆದ್ದರಿಂದ ಹೊಲಿಗೆಯ ಸುತ್ತ ನೀಲಿ ಹರಡುವುದನ್ನು ಗಮನಿಸಿ. ತಳಿ ಯಾವುದಿದ್ದರೂ ಪ್ಲೇಟ್‌ಲೆಟ್ ಎಣಿಕೆ ಮೊದಲೇ ಆಗಿರಲಿ. ಎರ್ಲಿಕಿಯಾ ಇದ್ದರೆ ಅದು ತಗ್ಗಿರುತ್ತದೆ.

ಇನ್ನು ಮನೆಯ ಕೆಲಸ. ಅರ್ಧ ಚಿಕಿತ್ಸೆ ಇಲ್ಲೇ ಇದೆ. ವಿಶ್ರಾಂತಿ ಅಂದರೆ ಕಟ್ಟೆಯ ಹತ್ತಿರ ಸರಪಳಿ ಕಟ್ಟುವುದಲ್ಲ. ಕಟ್ಟಿದ ನಾಯಿ ರಸ್ತೆಯಲ್ಲಿ ಬೈಕು ಹೋದಾಗಲೆಲ್ಲ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಸರಪಳಿ ತುದಿಗೆ ಬಂದಾಗ ಜಗ್ಗಿ ತಿರುಗುತ್ತದೆ. ಬೀದಿ ಕಾಣದ ಸಣ್ಣ ಕೋಣೆ, ಇಲ್ಲವೇ ನಾಲ್ಕು ಅಡಿಗೆ ಆರು ಅಡಿಯ ಜಾಲರಿ ಗೂಡು ಬೇಕು. ಫರಸಿ, ಗ್ರಾನೈಟ್, ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ. ಓಡಾಡುವ ದಾರಿಗೆಲ್ಲ ಗೋಣಿತಟ್ಟು ಅಥವಾ ಕಂಬಳಿ ಹಾಸಿ, ಅದೂ ಜಾರದಂತೆ ಅಂಚಿಗೆ ಭಾರ ಇಡಿ.

ಆಪರೇಷನ್ ಆದ ಮೊದಲ ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಾವು ಕೆಳಗಿಳಿದು ಹಿಮ್ಮಡಿಯ ಹತ್ತಿರ ನಿಲ್ಲುವುದು ಸಹಜ. ಹೊಲಿಗೆ ಬಿಚ್ಚುವ ತನಕ, ಅಂದರೆ 10ರಿಂದ 14 ದಿನ, ಕೊರಳಿಗೆ ಕೋನ್ ಇರಲೇಬೇಕು, "ಪಾಪ" ಎಂದು ರಾತ್ರಿ ತೆಗೆಯಬೇಡಿ. ಒಂದು ರಾತ್ರಿ ನೆಕ್ಕಿದರೆ ಪ್ಲೇಟಿನ ತನಕ ಸೋಂಕು ಹೋಗಬಹುದು. ಹೊರಗೆ ಕರೆದೊಯ್ಯುವಾಗ ಹಳೆ ಟಾವೆಲನ್ನು ಹೊಟ್ಟೆಯಡಿ ಹಾಯಿಸಿ ಹಿಡಿದು, ಐದು ನಿಮಿಷ, ಬರಿ ಉಚ್ಚೆ ಮಲಕ್ಕೆ. ಎರಡನೇ ವಾರದ ನಂತರ ತವೆಯ ಮೇಲೆ ಬಿಸಿ ಮಾಡಿದ ಜೋಳದ ಚೀಲದ ಶಾಖ ಕೊಡಬಹುದು, ನಿಮ್ಮ ಮುಂಗೈಗೆ ಮೊದಲು ಮುಟ್ಟಿಸಿ ನೋಡಿ. ಶಾಖದ ನಂತರ ನಾಯಿಯನ್ನು ಮಲಗಿಸಿ ಮೊಣಕಾಲನ್ನು ನೋವಾಗದಷ್ಟು ಮಡಚಿ ಬಿಡಿಸುವುದು, ಹತ್ತರಿಂದ ಹದಿನೈದು ಸಲ. ನಡಿಗೆ ವಾರಕ್ಕೆ ಐದು ನಿಮಿಷದಂತೆ ಏರಲಿ, ಹಗ್ಗ ಗಿಡ್ಡವಾಗಿರಲಿ, ಹೆಜ್ಜೆ ನಿಧಾನವಿರಲಿ. ವೇಗವಾಗಿ ನಡೆಸಿದರೆ ಕೆಟ್ಟ ಕಾಲನ್ನು ಎತ್ತಿಕೊಂಡೇ ಓಡುತ್ತದೆ, ನಿಧಾನವಾದರೆ ಊರಲೇಬೇಕಾಗುತ್ತದೆ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿ. ಆರನೇ ವಾರದಿಂದ ಕೂರಿಸಿ ಎಬ್ಬಿಸುವ ವ್ಯಾಯಾಮ, ಗೋಡೆಗೆ ಒರಗಿಸಿ ಕಾಲು ಪಕ್ಕಕ್ಕೆ ಚಾಚದಂತೆ ನೋಡಿಕೊಂಡು, ಐದೈದು ಸಲ. ಘಟಪ್ರಭೆಯಲ್ಲಿ, ಕಾಲುವೆಯಲ್ಲಿ ಈಜಿಗೆ ಬಿಡುವ ಆತುರ ಬೇಡ: ದಂಡೆಯ ಕೆಸರಿನಲ್ಲಿ ಇಳಿದು ಹತ್ತುವಾಗಲೇ ಕಾಲು ತಿರುಚುವುದು.

ಎರಡು ವಾರದೊಳಗೆ ಬೆರಳೂರಬೇಕು. ಊರುತ್ತಿದ್ದ ನಾಯಿ ಒಂದು ಬೆಳಗ್ಗೆ ಪೂರ್ತಿ ಕಾಲೆತ್ತಿದರೆ ಅದು ಸೋಂಕು, ಸ್ಕ್ರೂ ಸಡಿಲು, ಇಲ್ಲವೇ ಹೊಸ ಮೆನಿಸ್ಕಸ್ ಸೀಳು. ಅಂದೇ ಎಕ್ಸ್‌ರೇ ಆಗಬೇಕು. ಪ್ಲೇಟಿಗೆ ಸೋಂಕಾಗಿದ್ದರೆ ಮೂಳೆ ಕೂಡುವ ತನಕ ಕೀವಿನ ಕಲ್ಚರ್ ನೋಡಿ ಆ್ಯಂಟಿಬಯಾಟಿಕ್ ಕೊಟ್ಟು, ಕೂಡಿದ ಮೇಲೆ ಪ್ಲೇಟು ತೆಗೆಯುತ್ತಾರೆ. ಕೂಡಿದ ಮೂಳೆಗೆ ಪ್ಲೇಟಿನ ಅಗತ್ಯ ಇರುವುದಿಲ್ಲ. ಎಂಟನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೆಯೇ ಹಗ್ಗ ಉದ್ದ ಮಾಡಿ. ಹೊಲದಲ್ಲಿ ಬಿಟ್ಟು ಓಡಿಸುವುದು ನಾಲ್ಕನೇ ತಿಂಗಳ ಮೇಲೆ, ಆಗಲೇ ಬರೆದಿಟ್ಟ ತೊಡೆಯ ಅಳತೆಗಳ ನಡುವಿನ ಅಂತರ ಬಹುಪಾಲು ಮುಚ್ಚಿದ್ದರೆ.